ವಾಟರ್ ಲೆವೆಲ್ ಅಂದರೆ ಯಾವುದು? ಯಾವ ಕೆಲಸಕ್ಕೆ ಯಾವ ಮಟ್ಟ ಹಿಡಿಯಬೇಕು?

ಹಾಸನದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಒಂದು ವಾಟರ್ ಲೆವೆಲ್ ಕೊಡಿ’ ಎಂದು ಕೇಳಿ ನೋಡಿ. ಒಂದು ಅಂಗಡಿಯಲ್ಲಿ ಗುಳ್ಳೆ ಇರುವ ಅಲ್ಯೂಮಿನಿಯಂ ಪಟ್ಟಿ ತಂದಿಡುತ್ತಾರೆ. ಇನ್ನೊಂದರಲ್ಲಿ ‘ಎಷ್ಟು ಮೀಟರ್ ಕತ್ತರಿಸಲಿ?’ ಎನ್ನುತ್ತ ಪಾರದರ್ಶಕ ಪೈಪಿನ ಸುರುಳಿ ಬಿಚ್ಚುತ್ತಾರೆ. ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅದೇ ಮಾತು ಹೇಳಿದರೆ ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸುವ ಡಬ್ಬಿ ಸಿಗುತ್ತದೆ. ಬೋರ್ ಕೊರೆಯುವವರ ಹತ್ತಿರ ಕೇಳಿದರೆ ಅಡಿ ಲೆಕ್ಕ ಹೇಳುತ್ತಾರೆ. ಜುಲೈ ತಿಂಗಳಲ್ಲಿ ಟೀ ಕುಡಿಯುತ್ತ ‘ಲೆವೆಲ್ ಎಷ್ಟಾಯ್ತು?’ ಎಂದು ಯಾರಾದರೂ ಕೇಳಿದರೆ ಅದು ಗೊರೂರು ಡ್ಯಾಮಿನ ಮಾತು.

ಮಾತು ಒಂದೇ, ಕೆಲಸ ಬೇರೆ ಬೇರೆ. ಮೂಡಿಗೆರೆ ಕಡೆ ಇಳಿಜಾರಿನ ಜಾಗದಲ್ಲಿ ಮನೆ ಕಟ್ಟಿಸಿದಾಗ, ಪಕ್ಕದ ಕಾಫಿ ತೋಟದಲ್ಲಿ ಬದು ಹಾಕಿಸಿದಾಗ, ಬೋರ್ ಕೊರೆಸಿದಾಗ ಈ ಎಲ್ಲ ಲೆವೆಲ್‌ಗಳ ಜೊತೆ ನಾನು ಏಗಿದ್ದೇನೆ. ಅದರಿಂದ ಒಂದು ಅಭ್ಯಾಸ ಬಂದಿದೆ. ಯಾರು ಲೆವೆಲ್ ಎಂದರೂ ‘ಎಲ್ಲಿಂದ?’ ಎಂದು ಕೇಳುತ್ತೇನೆ. ಎಲ್ಲಿಂದ ಅಳೆದದ್ದು ಅಂತ ಗೊತ್ತಿಲ್ಲದ ಮಟ್ಟ ಬರೀ ಒಂದು ಅಂಕಿ.

ಡ್ಯಾಮಿನ ಲೆವೆಲ್: 2922 ಮತ್ತು 186

ಇದಕ್ಕೆ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲೇ ಒಳ್ಳೆಯ ಉದಾಹರಣೆ ಇದೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಮಟ್ಟ 2922 ಅಡಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದಾಗ 186 ಅಡಿ. ಎರಡೂ ಅಂಕಿಗಳು ಮಳೆಗಾಲದಲ್ಲಿ ಪತ್ರಿಕೆಯ ಒಂದೇ ಪಟ್ಟಿಯಲ್ಲಿ ಬರುತ್ತವೆ. ನನ್ನ ಅಕ್ಕನ ಮಗ ಚಿಕ್ಕವನಿದ್ದಾಗ ಆ ಪಟ್ಟಿ ಓದಿ ‘ಚಿಕ್ಕಮ್ಮ, ಗೊರೂರು ಡ್ಯಾಮ್ ಭದ್ರಾಗಿಂತ 15 ಪಟ್ಟು ಆಳನಾ?’ ಎಂದು ಕೇಳಿದ್ದ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಪಟ್ಟಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಹೇಮಾವತಿಯ 2922 ಅಡಿಯನ್ನು ಸಮುದ್ರಮಟ್ಟದಿಂದ ಎಣಿಸುತ್ತಾರೆ. ಭದ್ರೆಯ 186 ಅಡಿಯನ್ನು ಅಣೆಕಟ್ಟೆಯ ಬುಡದ ಕಡೆಯಿಂದ ಎಣಿಸುತ್ತಾರೆ. ಸೊನ್ನೆ ಇಟ್ಟ ಜಾಗವೇ ಬೇರೆ. ನೀರಿನ ಲೆಕ್ಕಕ್ಕೆ ಬಂದರೆ ಹೇಮಾವತಿ ಹಿಡಿಯುವುದು ಸುಮಾರು 37 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು), ಭದ್ರಾ ಸುಮಾರು 71 ಟಿಎಂಸಿ. ಚಿಕ್ಕ ಅಂಕಿಯ ಡ್ಯಾಮಿನಲ್ಲೇ ನೀರು ಜಾಸ್ತಿ.

ಹಾಗಾಗಿ ಎರಡು ಡ್ಯಾಮ್ ಹೋಲಿಸುವುದಾದರೆ ಅಡಿಯನ್ನು ಅಡಿಗೆ ಹೋಲಿಸಬೇಡಿ. ತುಂಬಲು ಎಷ್ಟು ಅಡಿ ಬಾಕಿ, ಎಷ್ಟು ಟಿಎಂಸಿ ಇದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು, ಈ ಮೂರನ್ನು ನೋಡಿ. ಇನ್ನೂ ಒಂದು ವಿಷಯ ಇದೆ. ಡ್ಯಾಮಿನಲ್ಲಿ ಕೆಳಗಿನ 10 ಅಡಿಯೂ ಮೇಲಿನ 10 ಅಡಿಯೂ ಒಂದೇ ಅಲ್ಲ. ಜಲಾಶಯ ಮೇಲೆ ಹೋದಷ್ಟೂ ಅಗಲವಾಗುತ್ತದೆ. ಕೊನೆಯ 10 ಅಡಿಯಲ್ಲಿ ತುಂಬುವ ನೀರು ತಳದ 10 ಅಡಿಯ ನೀರಿಗಿಂತ ಎಷ್ಟೋ ಹೆಚ್ಚು. ‘ಇನ್ನು 10 ಅಡಿ ತಾನೇ ಬಾಕಿ’ ಎನ್ನುವಾಗ ಇದು ನೆನಪಿರಲಿ.

ಹಾಸನದವರಿಗೆ ಪಟ್ಟಿ ನೋಡದೆ ಮಟ್ಟ ತಿಳಿಯುವ ದಾರಿಯೂ ಒಂದಿದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಈಗ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿದೆ. ಬೇಸಿಗೆಯಲ್ಲಿ ಅದರ ಒಳಗೆ ನಡೆದುಕೊಂಡು ಹೋಗಬಹುದು. ಮಳೆಗಾಲ ಜೋರಾದರೆ ಅದರ ಕಮಾನುಗಳು ನೀರಿನಿಂದ ಎದ್ದು ನಿಂತ ಹಾಗೆ ಕಾಣುತ್ತವೆ. ಹೇಮಾವತಿ ಹುಟ್ಟುವುದು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನ ದುರ್ಗದ ಹತ್ತಿರ. ನಮ್ಮ ಮನೆಯ ಹೆಂಚಿನ ಮೇಲೆ ಜಡಿಮಳೆ ಹೊಡೆಯುವಾಗ ಆ ಚರ್ಚಿನ ಗೋಡೆಯಲ್ಲಿ ನೀರು ಎಲ್ಲಿಗೆ ಬಂತೋ ಎಂದು ನನಗೆ ಅನ್ನಿಸುವುದುಂಟು.

ಬೋರಿನ ಲೆವೆಲ್: ಮೂರು ಅಂಕಿ ಕೇಳಿ

‘300 ಅಡಿಗೆ ನೀರು’ ಎಂದು ಹೇಳಿದರೆ ಅಲ್ಲಿಗೆ ಬಿಡಬೇಡಿ. ಅದು ನೀರು ಸಿಕ್ಕ ಆಳ. ನಮ್ಮ ಕಡೆ ಕೆಳಗೆ ಗಟ್ಟಿ ಬಂಡೆ, ನೀರು ಇರುವುದು ಬಂಡೆಯ ಬಿರುಕಿನಲ್ಲಿ. ಬಿರುಕು ಸಿಕ್ಕಿದ ಮೇಲೆ ನೀರು ಒತ್ತಡದಿಂದ ಮೇಲಕ್ಕೆ ಏರಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. 300 ಅಡಿಯಲ್ಲಿ ಸಿಕ್ಕ ನೀರು 80 ಅಡಿಗೆ ಬಂದು ನಿಂತಿರಬಹುದು. ಇದು ಎರಡನೆಯ ಅಂಕಿ, ಮೋಟಾರ್ ಓಡದಿರುವಾಗ ನಿಂತ ಮಟ್ಟ. ಮೂರನೆಯದು ಮೋಟಾರ್ ಓಡುತ್ತಿರುವಾಗ ನೀರು ಇಳಿದು ನಿಲ್ಲುವ ಮಟ್ಟ. ಎರಡು ಮೂರು ಗಂಟೆ ಓಡಿಸಿ ನೋಡಿದ ಮೇಲೆ ಅದು ತಿಳಿಯುತ್ತದೆ.

ಪಂಪ್ ಎಷ್ಟು ಆಳಕ್ಕೆ ಇಳಿಸಬೇಕು ಎಂಬುದಕ್ಕೆ ಬೇಕಾದದ್ದು ಈ ಮೂರನೆಯ ಅಂಕಿ. ನಿಂತ ಮಟ್ಟ ನೋಡಿ ಪಂಪ್ ಇಳಿಸಿದರೆ ಏಪ್ರಿಲ್‌ನಲ್ಲಿ ಅದು ಗಾಳಿ ಎಳೆಯುತ್ತದೆ. ಈ ವರ್ಷ ನೀರು ಕೆಳಗೆ ಹೋಯಿತೋ ಇಲ್ಲವೋ ತಿಳಿಯಬೇಕಾದರೆ ಪ್ರತಿ ವರ್ಷ ಅದೇ ತಿಂಗಳಲ್ಲಿ, ರಾತ್ರಿಯಿಡೀ ಮೋಟಾರ್ ನಿಲ್ಲಿಸಿ, ಬೆಳಿಗ್ಗೆ ಅಳೆಯಿರಿ. ಮೇ ತಿಂಗಳ ಅಂಕಿಯನ್ನು ಅಕ್ಟೋಬರ್ ಅಂಕಿಯ ಪಕ್ಕ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಅಳೆಯುವುದನ್ನೂ ಪ್ರತಿ ಸಲ ಒಂದೇ ಜಾಗದಿಂದ ಶುರು ಮಾಡಿ. ನೆಲದಿಂದಲೋ ಕೇಸಿಂಗ್ ಪೈಪಿನ ಬಾಯಿಂದಲೋ, ಯಾವುದಾದರೂ ಸರಿ, ಬದಲಾಯಿಸಬೇಡಿ.

ಟ್ಯಾಂಕಿನ ಲೆವೆಲ್

ಇದರ ಬಗ್ಗೆ ಹೇಳುವುದು ಕಡಿಮೆ. ಬೀದಿ ನಲ್ಲಿಯ ನೀರು ತಾನೇ ಏರಿ ಬರುವ ಕಡೆ ಬಾಲ್ ವಾಲ್ವ್ (ಚೆಂಡು ತೇಲಿ ಮೇಲೆ ಬಂದಾಗ ನೀರು ನಿಲ್ಲಿಸುವ ವಾಲ್ವ್) ಸಾಕು. ಕರೆಂಟ್ ಬೇಡ, ಕೆಟ್ಟರೆ ಪ್ಲಂಬರ್ ಅರ್ಧ ಗಂಟೆಯಲ್ಲಿ ಬದಲಾಯಿಸುತ್ತಾರೆ. ಮೋಟಾರ್‌ನಿಂದ ನೀರು ಏರಿಸುವವರಿಗೆ ತೇಲುವ ಸ್ವಿಚ್ಚು ಅಥವಾ ಸೆನ್ಸರ್ ಕಡ್ಡಿಯ ಕಂಟ್ರೋಲರ್ ಬೇಕು. ಅರಸೀಕೆರೆ, ಕಡೂರು ಕಡೆಯ ಗಡಸು ಬೋರ್ ನೀರಿನಲ್ಲಿ ಸೆನ್ಸರ್ ಕಡ್ಡಿಗೆ ಬಿಳಿ ಪದರ ಕಟ್ಟುತ್ತದೆ. ಆಮೇಲೆ ಅದಕ್ಕೆ ನೀರು ಮುಟ್ಟಿದ್ದೇ ತಿಳಿಯುವುದಿಲ್ಲ. ಅಂಥ ಕಡೆ ನನ್ನ ಆಯ್ಕೆ ತೇಲುವ ಸ್ವಿಚ್ಚು. ಕಡ್ಡಿಯದನ್ನೇ ಹಾಕಿಸಿದ್ದರೆ ಆಗಾಗ ಒರೆಸಿ.

ಈಗ ನಿಜವಾದ ವಿಷಯ: ಮಟ್ಟ ನೋಡುವ ಸಾಮಾನು

ಮನೆ ಕಟ್ಟಿಸುವವರು ಹೆಚ್ಚು ಎಡವುವುದು ಇಲ್ಲಿ. ರಸಮಟ್ಟ (ಮೊದಲು ಹೇಳಿದ ಗುಳ್ಳೆಯ ಪಟ್ಟಿ), ನೀರಿನ ಪೈಪು, ಲೇಸರ್, ಡಂಪಿ, ತೋಟಕ್ಕಾದರೆ ಎ ಆಕಾರದ ಚೌಕಟ್ಟು. ಎಲ್ಲವೂ ಮಟ್ಟವನ್ನೇ ತೋರಿಸುತ್ತವೆ. ಒಂದು ಮಾಡುವ ಕೆಲಸ ಇನ್ನೊಂದು ಮಾಡುವುದಿಲ್ಲ.

ನನಗೆ ಇದು ಅರ್ಥವಾಗಿದ್ದು ಅಡುಗೆಮನೆಯ ಟೈಲ್ಸ್ ಹಾಕುವ ದಿನ. ಮೇಲಿನ ಸಾಲಿನಲ್ಲಿ ಒಂದು ತುದಿಗೆ ಟೈಲ್ಸ್ ಸರಿಯಾಗಿ ಕೂತಿತು. ಅದೇ ಸಾಲು ಕಿಟಕಿ ದಾಟಿ ಹಿಂದಿನ ಮೂಲೆಗೆ ಹೋಗುವ ಹೊತ್ತಿಗೆ ಲಿಂಟಲ್‌ಗೆ (ಬಾಗಿಲು ಕಿಟಕಿಗಳ ಮೇಲಿನ ಅಡ್ಡ ತೊಲೆಗೆ) ತಾಗಿ, ಟೈಲ್ಸನ್ನು ಕತ್ತರಿಸಬೇಕಾಯಿತು. ಟೈಲ್ಸ್ ತಪ್ಪು ಕೂರಿಸಿದ್ದಾರೆ ಎಂದುಕೊಂಡೆ. ಟೈಲ್ಸ್ ಹಾಕುವ ಹುಡುಗ ಏನೂ ಮಾತಾಡದೆ ಪೈಪಿಗೆ ನೀರು ತುಂಬಿಸಿ ತಂದ. ಮುಂದಿನ ಬಾಗಿಲ ಲಿಂಟಲ್‌ನಿಂದ ಹಿಂದಿನ ಮೂಲೆಯ ಲಿಂಟಲ್‌ಗೆ ಸುಮಾರು 38 ಅಡಿ. ಅಷ್ಟರಲ್ಲಿ ಒಂದು ಇಂಚು ಇಳಿದಿತ್ತು. ಲಿಂಟಲ್ ಕಟ್ಟುವಾಗ ಆ ಕೆಲಸದವರು ಪೈಪ್ ಹಿಡಿದೇ ಇರಲಿಲ್ಲ. ಎರಡು ಅಡಿಯ ರಸಮಟ್ಟವನ್ನೇ ಒಂದರ ಮುಂದೆ ಒಂದು ಇಡುತ್ತ ಮನೆ ಸುತ್ತಿದ್ದರು. ಆ ರಸಮಟ್ಟವೇ ಸ್ವಲ್ಪ ತಪ್ಪಿತ್ತು. ಪ್ರತಿ ಸಲ ಕೂದಲೆಳೆಯಷ್ಟು ಇಳಿದು, ಹಿಂದಿನ ಗೋಡೆಗೆ ಬರುವಾಗ ಇಂಚಾಗಿತ್ತು.

ರಸಮಟ್ಟ ಕೆಟ್ಟ ಸಾಮಾನು ಎಂದು ಹೇಳುತ್ತಿಲ್ಲ. ಬಾಗಿಲ ಚೌಕಟ್ಟು, ಕಿಟಕಿ, ಒಂದು ಸಾಲು ಇಟ್ಟಿಗೆ, ಕಪಾಟಿನ ಹಲಗೆ, ಒಲೆಯ ಕಟ್ಟೆ, ಇಂಥ ಕೈಯಳತೆಯ ಕೆಲಸಕ್ಕೆ ಅದರಷ್ಟು ಚುರುಕಾದದ್ದು ಬೇರೆ ಇಲ್ಲ. ಗಾಜಿನ ಕೊಳವೆ ಸ್ವಲ್ಪವೇ ಬಾಗಿರುತ್ತದೆ. ಗುಳ್ಳೆ ಯಾವಾಗಲೂ ಅದರ ಎತ್ತರದ ಜಾಗಕ್ಕೆ ಓಡುತ್ತದೆ. ಒಳಗಿರುವುದು ಪಾದರಸ ಎಂದು ಕೆಲವರು ತಿಳಿದಿದ್ದಾರೆ. ಅದು ಬಣ್ಣ ಹಾಕಿದ ಸ್ಪಿರಿಟ್. ಫ್ರಾನ್ಸಿನ ಮೆಲ್ಕಿಸೆಡೆಕ್ ಥೆವೆನೊ ಎಂಬವರು 1661ರ ಸುಮಾರಿಗೆ ಮಾಡಿದ ಉಪಾಯ ಇದು. ಇವತ್ತಿಗೂ ಹಾಗೇ ಉಳಿದಿದೆ.

ಒಳ್ಳೆಯ ರಸಮಟ್ಟಕ್ಕೂ ಮೀಟರಿಗೆ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತದೆ. ಒಂದು ಕಿಟಕಿಗೆ ಅದು ಲೆಕ್ಕಕ್ಕೇ ಇಲ್ಲ. 10 ಮೀಟರ್ ದೂರ ಜೋಡಿಸುತ್ತ ಹೋದರೆ 5 ಮಿಲಿಮೀಟರ್ ಆಗಬಹುದು. ಕೈಜಾರಿ ಬಿದ್ದು ಪೆಟ್ಟು ತಿಂದದ್ದಾದರೆ ಕೇಳುವುದೇ ಬೇಡ. ಆದ್ದರಿಂದ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಗಾಜಿನ ಕೌಂಟರ್ ಮೇಲೆ ಇಡಿ. ಗುಳ್ಳೆ ಎಲ್ಲಿ ನಿಂತಿತು ಗಮನಿಸಿ. ಈಗ ಪಟ್ಟಿಯ ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ, ಅದೇ ಜಾಗದಲ್ಲಿ ಇಡಿ. ಗುಳ್ಳೆ ಮತ್ತೆ ನಿಮ್ಮ ಅದೇ ಕೈಯ ಕಡೆಗೆ, ಅಷ್ಟೇ ದೂರ ಹೋಗಿ ನಿಂತರೆ ಕೌಂಟರ್ ಓರೆ, ಪಟ್ಟಿ ಸರಿ. ಈ ಸಲ ಇನ್ನೊಂದು ಕೈಯ ಕಡೆಗೆ ಹೋದರೆ ಪಟ್ಟಿಯೇ ತಪ್ಪು. ಅದನ್ನು ತರಬೇಡಿ. ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಹಳೆಯ ಮೇಸ್ತ್ರಿಗಳು ಎಲ್ಲರೂ ಹೀಗೇ ನೋಡುತ್ತಾರೆ.

ನೀರಿನ ಪೈಪು

ಇದನ್ನು ಕೆಲವರು ಲೆವೆಲ್ ಪೈಪ್ ಎನ್ನುತ್ತಾರೆ, ಕೆಲವರು ಟ್ಯೂಬ್ ಲೆವೆಲ್ ಎನ್ನುತ್ತಾರೆ. ವಾಟರ್ ಲೆವೆಲ್ ಎಂಬ ಹೆಸರು ಸರಿಯಾಗಿ ಒಪ್ಪುವುದು ಇದಕ್ಕೇ. ಒಂದು ಪಾರದರ್ಶಕ ಪೈಪು, ಒಳಗೆ ನೀರು, ಅಷ್ಟೇ. ಪೈಪ್ ಮಧ್ಯದಲ್ಲಿ ಮೆಟ್ಟಿಲು ಇಳಿಯಲಿ, ಗೋಡೆ ಸುತ್ತಲಿ, ಜಲ್ಲಿ ರಾಶಿಯ ಪಕ್ಕ ಹಾದುಹೋಗಲಿ, ಎರಡೂ ತುದಿ ತೆರೆದಿದ್ದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನಡುವೆ ಕಣ್ಣಿಗೆ ಕಾಣಬೇಕಿಲ್ಲ. ಮುಂದಿನ ಬಾಗಿಲಲ್ಲಿ ಒಬ್ಬರು, ಹಿಂದಿನ ಕೋಣೆಯಲ್ಲಿ ಒಬ್ಬರು ನಿಂತು ಒಂದೇ ಮಟ್ಟ ಗುರುತಿಸಬಹುದು. ರಸಮಟ್ಟದ ಹಾಗೆ ತಪ್ಪು ಕೂಡುತ್ತ ಹೋಗುವುದಿಲ್ಲ. 5 ಅಡಿಗೂ 50 ಅಡಿಗೂ ಇರುವ ತಪ್ಪು ಒಂದೇ, ಕಣ್ಣಿನಿಂದ ಓದುವಾಗ ಆಗುವ ಒಂದೆರಡು ಮಿಲಿಮೀಟರ್.

ನಮ್ಮ ಮನೆಗೆ ಆಮೇಲೆ ಬಂದ ಮೇಸ್ತ್ರಿ ಕೆಲಸ ಮಾಡುವ ರೀತಿ ನೋಡಿ ನಾನು ಕಲಿತೆ. ಬಕೆಟನ್ನು ಎತ್ತರದ ಕಟ್ಟೆಯ ಮೇಲೆ ಇಟ್ಟು, ಪೈಪಿನ ಒಂದು ತುದಿ ಅದರೊಳಗೆ ಮುಳುಗಿಸಿದರು. ಇನ್ನೊಂದು ತುದಿಯಿಂದ ಒಮ್ಮೆ ಎಳೆದು ಬಿಟ್ಟರು. ನೀರು ತಾನಾಗಿ ಇಳಿಯತೊಡಗಿತು. ನೀರು ಬರುತ್ತಿದ್ದ ಹಾಗೆ ಪೈಪಿನ ಉದ್ದಕ್ಕೂ ಬೆರಳಿನಿಂದ ತಟ್ಟುತ್ತ ಹೋದರು. ಪೈಪಿನ ಒಳಗೋಡೆಗೆ ಅಂಟಿದ ಸಣ್ಣ ಗುಳ್ಳೆಗಳೆಲ್ಲ ಸರಿದು ಹೊರಗೆ ಹೋದವು. ಆಮೇಲೆ ಎರಡೂ ತುದಿಗೆ ಹೆಬ್ಬೆರಳು ಒತ್ತಿ ಹಿಡಿದರು.

ಗುರುತು ಹಾಕುವ ಮೊದಲು ಎರಡೂ ತುದಿಗಳನ್ನು ಅಕ್ಕಪಕ್ಕ ಹಿಡಿದು ಬೆರಳು ತೆಗೆದರು. ಎರಡರಲ್ಲೂ ನೀರು ಒಂದೇ ಗೆರೆಗೆ ಬರಬೇಕು. ಬಂದರೆ ಮುಂದಿನ ಕೆಲಸ. ಇಲ್ಲದಿದ್ದರೆ ಎಲ್ಲೋ ಗಾಳಿ ಇದೆ, ಅಥವಾ ಪೈಪ್ ಮಡಚಿಕೊಂಡಿದೆ. ಇಡೀ ಕೆಲಸದಲ್ಲಿ ಇದೊಂದು ನಿಮಿಷ ಬಿಡಬೇಡಿ.

ನನ್ನ ಕೈಗೆ ಒಂದು ತುದಿ ಕೊಟ್ಟು ಬಾಗಿಲ ಹತ್ತಿರದ ಗುರುತಿಗೆ ಹಿಡಿಯಲು ಹೇಳಿದರು. ಅವರು ಒಳಗೆ ಹೋದರು. ನನ್ನ ಕೈಯಲ್ಲಿ ನೀರು ಮೇಲೆ ಕೆಳಗೆ ತೂಗುತ್ತಿತ್ತು. ನಾನು ಅದರ ಜೊತೆ ಪೈಪನ್ನೂ ಏರಿಸಿ ಇಳಿಸಿ ಮಾಡುತ್ತಿದ್ದೆ. ಒಳಗಿಂದ ‘ಅಕ್ಕಾ, ಅಲುಗಾಡಿಸ್ಬೇಡಿ, ನೀರು ನಿಲ್ಲಲಿ’ ಎಂದರು. ಕೈ ಗಟ್ಟಿ ಹಿಡಿದೆ. ತೂಗಾಟ ಚಿಕ್ಕದಾಗುತ್ತ ಬಂದು ನಿಂತಿತು. ನೀರು ಗುರುತಿಗಿಂತ ಒಂದು ಬೆರಳು ಕೆಳಗಿತ್ತು. ‘ಈಗ ನಿಧಾನಕ್ಕೆ ಎತ್ತಿ’ ಎಂದರು. ಎತ್ತಿದೆ. ಗುರುತಿಗೆ ಸರಿಯಾದಾಗ ‘ಆಯ್ತು’ ಎಂದೆ. ಒಳಗೆ ಪೆನ್ಸಿಲ್ ಗೀಚಿದ ಸದ್ದು ಕೇಳಿತು.

ತಪ್ಪಾಗುವ ಜಾಗಗಳನ್ನೂ ಹೇಳುತ್ತೇನೆ. ಗುಳ್ಳೆ ಮೊದಲನೆಯದು. ಪೈಪ್ ನೆಲದ ಮೇಲೆ ಅಡ್ಡ ಮಲಗಿರುವ ಕಡೆ ಸಣ್ಣ ಗುಳ್ಳೆ ಇದ್ದರೆ ಅಷ್ಟು ತೊಂದರೆ ಇಲ್ಲ. ಪೈಪ್ ನಿಂತಿರುವ ಕಡೆ ಕೊಳವೆಯ ಅಗಲ ಪೂರ್ತಿ ಹಿಡಿದ ಗುಳ್ಳೆ ಕೂತರೆ, ಆ ಗುಳ್ಳೆ ಎಷ್ಟು ಉದ್ದವೋ ಮಟ್ಟ ಅಷ್ಟು ತಪ್ಪುತ್ತದೆ. ಅರ್ಧ ಇಂಚಿನ ಗುಳ್ಳೆ, ಅರ್ಧ ಇಂಚಿನ ತಪ್ಪು. ಕಿಟಕಿಯ ಕಟ್ಟೆ ಹತ್ತಿಸಿ ಆಚೆ ಇಳಿಸಿದ ಪೈಪಿನ ಗುಡ್ಡೆಯಲ್ಲಿ ಗಾಳಿ ಸೇರಿಕೊಳ್ಳುವುದು ಜಾಸ್ತಿ. ಸಾಧ್ಯವಾದಷ್ಟು ಪೈಪನ್ನು ನೆಲದ ಮೇಲೇ ಎಳೆಯಿರಿ.

ಎರಡನೆಯದು ಬಿಸಿಲು. ಒಂದು ತುದಿ ಅಂಗಳದ ಬಿಸಿಲಲ್ಲಿ, ಇನ್ನೊಂದು ಮನೆಯೊಳಗೆ ತಂಪಲ್ಲಿ ಇದ್ದರೆ ಬಿಸಿ ನೀರು ಹಿಗ್ಗಿ ಸ್ವಲ್ಪ ಮೇಲೆ ನಿಲ್ಲುತ್ತದೆ. ಒಂದು ಮೀಟರ್ ಎತ್ತರದ ನೀರು 10 ಡಿಗ್ರಿ ಬಿಸಿಯಾದರೆ ಸುಮಾರು 3 ಮಿಲಿಮೀಟರ್ ವ್ಯತ್ಯಾಸ. ಬೆಳಿಗ್ಗೆ ಬೇಗ ಮಾಡಿ ಮುಗಿಸಿದರೆ ಈ ತಾಪತ್ರಯ ಇಲ್ಲ. ಮೂರನೆಯದು ಓದುವ ರೀತಿ. ಪೈಪಿನೊಳಗೆ ನೀರು ಅಂಚಿನಲ್ಲಿ ಮೇಲೆ ಹತ್ತಿ ನಡುವೆ ತಗ್ಗಿರುತ್ತದೆ. ಎರಡೂ ಕಡೆ ತಗ್ಗಿನ ತಳವನ್ನೇ ನೋಡಿ, ಕಣ್ಣು ನೀರಿನ ನೇರಕ್ಕೇ ಇರಲಿ. ಒಂದು ತುದಿಗೆ ದಪ್ಪ ಪೈಪು, ಇನ್ನೊಂದಕ್ಕೆ ಸಣ್ಣ ಪೈಪು ಜೋಡಿಸಬೇಡಿ. ಸಣ್ಣದರಲ್ಲಿ ನೀರು ಹೆಚ್ಚು ಹತ್ತುತ್ತದೆ.

ನಡುವೆ ನೀರು ಚೆಲ್ಲಿದರೆ ಮತ್ತೆ ಮೊದಲಿಂದ ಮಾಡಬೇಕಾ ಎಂದು ಹಲವರು ಕೇಳುತ್ತಾರೆ. ಬೇಡ. ನೀವು ಗುರುತಿಗೆ ನೀರು ಹೊಂದಿಸುತ್ತಿದ್ದೀರಿ, ಎಷ್ಟು ನೀರು ಇದೆ ಎಂದು ಅಳೆಯುತ್ತಿಲ್ಲ. ಗುಳ್ಳೆ ಸೇರದಂತೆ ತುಂಬಿಸಿಕೊಂಡು ಅದೇ ಗುರುತಿಗೆ ಹಿಡಿದು ಮುಂದುವರಿಸಿ.

ಇದರ ಕೊರತೆ ಎಂದರೆ ಎರಡು ಜನ ಬೇಕು, ನಿಧಾನ, ಮತ್ತು ಇಳಿಜಾರಿನ ವಾಟ ಲೆಕ್ಕ ಹಾಕಲು ಟೇಪ್ ಜೊತೆಗಿರಬೇಕು. ಬಚ್ಚಲಿಗೆ ವಾಟ ಕೊಡುವಾಗ ಮೊದಲು ಪೈಪಿನಿಂದ ಗೋಡೆಯ ಸುತ್ತ ಒಂದೇ ಮಟ್ಟದ ಗೆರೆ ಹಾಕಿ, ಆ ಗೆರೆಯಿಂದ ಕೆಳಕ್ಕೆ ಅಳೆದು ನೀರು ಹೋಗುವ ಕಡೆ ಎಷ್ಟು ಇಳಿಸಬೇಕೋ ಅಷ್ಟು ಇಳಿಸಬೇಕು. ‘ಕಣ್ಣಂದಾಜಿನಲ್ಲಿ ವಾಟ ಕೊಡ್ತೀವಿ’ ಎಂದರೆ ಒಪ್ಪಬೇಡಿ. ಮೂಲೆಯಲ್ಲಿ ನಿಂತ ನೀರು ದಿನಾ ನಿಮ್ಮ ಕಾಲಿಗೇ ಸಿಗುತ್ತದೆ.

ಲೇಸರ್ ಯಾವಾಗ, ಡಂಪಿ ಯಾವಾಗ

ಒಬ್ಬರೇ ಕೆಲಸ ಮಾಡುವವರಿಗೆ, ಒಳಗಿನ ಟೈಲ್ಸ್, ಫಾಲ್ಸ್ ಸೀಲಿಂಗ್, ಅಡುಗೆಮನೆಯ ಕಪಾಟಿಗೆ ಲೇಸರ್ ಬಹಳ ಅನುಕೂಲ. ನಾಲ್ಕೂ ಗೋಡೆಗೆ ಒಮ್ಮೆಗೇ ಗೆರೆ ಬೀಳುತ್ತದೆ. ಸಾಧಾರಣ ಲೇಸರ್‌ಗಳಲ್ಲಿ 10 ಮೀಟರಿಗೆ 2-3 ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತದೆ. ಒಂದು ಕೋಣೆಗೆ ಅದು ಸಾಕು. ಹಸಿರು ಗೆರೆ ಕೆಂಪಿಗಿಂತ ಚೆನ್ನಾಗಿ ಕಾಣುತ್ತದೆ. ಆದರೆ ಹೊರಗಿನ ಬಿಸಿಲಿಗೆ ಎರಡೂ ಕಾಣಿಸುವುದಿಲ್ಲ, ಬೇರೆ ಡಿಟೆಕ್ಟರ್ ಬೇಕಾಗುತ್ತದೆ. ಗೋಡೆ ಅಡ್ಡ ಬಂದರೆ ಬೆಳಕು ಅಲ್ಲೇ ನಿಲ್ಲುತ್ತದೆ. ಕೆಳಗೆ ಬಿದ್ದ ಲೇಸರ್ ಗೆರೆ ನೇರವಾಗಿಯೇ ಕಾಣುತ್ತದೆ, ಮಟ್ಟ ಮಾತ್ರ ತಪ್ಪಿರಬಹುದು. ಕೆಲಸದವರು ಲೇಸರ್ ತಂದರೆ ಮೊದಲ ದಿನ ನೀರಿನ ಪೈಪಿನಿಂದ ಎರಡು ದೂರದ ಗುರುತು ಹಾಕಿಸಿ, ಲೇಸರ್ ಗೆರೆ ಎರಡರ ಮೇಲೂ ಬೀಳುತ್ತದೆಯೇ ನೋಡಿ. ಮಕ್ಕಳಿದ್ದರೆ ಆ ಬೆಳಕಿನ ಕಡೆ ಕಣ್ಣಿಟ್ಟು ನೋಡದಂತೆ ಹೇಳಿ.

ಡಂಪಿ ಎಂದರೆ ಮೂರು ಕಾಲಿನ ಮೇಲೆ ಇಡುವ ದುರ್ಬೀನು. 1832ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ರಾವಟ್ ಎಂಬ ಎಂಜಿನಿಯರ್ ಮಾಡಿದ್ದು. ಈಗ ಸರ್ವೇಯವರು ತರುವುದು ಆಟೋ ಲೆವೆಲ್, ಬಾಯಲ್ಲಿ ಮಾತ್ರ ಇನ್ನೂ ಡಂಪಿ. ಅರ್ಧ ಎಕರೆಗಿಂತ ದೊಡ್ಡ ಜಾಗ, ರಸ್ತೆ, ಉದ್ದದ ಚರಂಡಿ, ಕೆರೆ ಕೋಡಿ, ಇವಕ್ಕೆ ಇದೇ ಆಗಬೇಕು. 30-40 ಮನೆಗಳಾಚೆ ಪೈಪ್ ಎಳೆಯಲು ಆಗುತ್ತದೆಯೇ? ಸೈಟು ಜೋರಾದ ಇಳಿಜಾರಿನಲ್ಲಿದ್ದರೆ ಪಾಯ ತೆಗೆಯುವ ಮೊದಲು ಒಂದು ದಿನದ ಮಟ್ಟಿಗೆ ಸರ್ವೇಯವರನ್ನು ಕರೆಸಿ. ನಮ್ಮ ಸೈಟಿನಲ್ಲಿ ಮುಂದುಗಡೆ ನೆಲಕ್ಕೆ ಹೊಂದಿಕೊಂಡ ಪಾಯ ಹಿಂದುಗಡೆ 5 ಅಡಿ ಎತ್ತರ ಬೇಕಾಯಿತು. ಅದು ಮೊದಲೇ ತಿಳಿದದ್ದರಿಂದ ಕಲ್ಲಿನ ಲೆಕ್ಕ ಸರಿಯಾಗಿ ಹಾಕಿದೆವು.

ಯಾವುದರಿಂದ ನೋಡಿದರೂ ಮನೆಗೆ ಒಂದು ಸೊನ್ನೆ ಬೇಕು. ಗೊರೂರು ಡ್ಯಾಮಿಗೆ ಸಮುದ್ರಮಟ್ಟ ಇದ್ದ ಹಾಗೆ. ಮುಂಬಾಗಿಲ ಪಕ್ಕದ ಗೋಡೆಯಲ್ಲಿ, ಮುಗಿದ ನೆಲದಿಂದ ಒಂದು ಮೀಟರ್ ಮೇಲೆ ಒಂದು ಗೆರೆ ಹಾಕಿಸಿ. ಅಲ್ಲಿಂದ ಪೈಪ್ ಹಿಡಿದು ಪ್ರತಿ ಕೋಣೆಗೂ ಅದೇ ಗೆರೆ ಕೊಂಡೊಯ್ಯಿರಿ. ಟೈಲ್ಸಿನವರು, ಮರಗೆಲಸದವರು, ಕರೆಂಟಿನವರು, ಎಲ್ಲರೂ ಅದರಿಂದಲೇ ಮೇಲಕ್ಕೂ ಕೆಳಕ್ಕೂ ಅಳೆಯಲಿ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಅಳೆದರೆ ಪ್ರತಿಯೊಬ್ಬರ ಕೆಲಸವೂ ಸರಿಯೇ, ಮನೆ ಮಾತ್ರ ಸೇರುವುದಿಲ್ಲ. ಸುಣ್ಣ ಬಳಿಯುವ ದಿನದವರೆಗೂ ಆ ಗೆರೆ ಅಳಿಸಬೇಡಿ.

ತೋಟದಲ್ಲಿ

ಕಾಫಿ ತೋಟದಲ್ಲಿ ಲೆಕ್ಕ ಬದಲಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಗಿಡ ನೆಟ್ಟರೆ, ಬದು ಹಾಕಿದರೆ, ತೊಟ್ಟಿಲು ಗುಂಡಿ (ಗಿಡಗಳ ನಡುವೆ ನೀರು ಇಂಗಲು ತೆಗೆಯುವ ಉದ್ದನೆಯ ಗುಂಡಿ) ತೆಗೆದರೆ ಮಳೆ ನೀರು ಅಲ್ಲಲ್ಲೇ ನಿಂತು ಇಂಗುತ್ತದೆ. ಮೇಲ್ಮಣ್ಣು ಹಳ್ಳಕ್ಕೆ ಹೋಗುವುದಿಲ್ಲ. ಬದು ಒಂದು ಕಡೆ ನಾಲ್ಕು ಬೆರಳು ತಗ್ಗಿದರೂ ನೀರೆಲ್ಲ ಅಲ್ಲಿಗೇ ಸೇರಿ ಕೊರೆದುಕೊಂಡು ಹೋಗುತ್ತದೆ. ಜುಲೈ ಮಳೆಗೆ ಆ ಒಂದು ಜಾಗ ಸಾಕು.

ಇಲ್ಲಿ ನಾನು ನೀರಿನ ಪೈಪ್ ಹಿಡಿದು ನೋಡಿದ್ದೇನೆ. ಆಗುತ್ತದೆ, ಆದರೆ ಬಹಳ ಕಷ್ಟ. ಪೈಪ್ ಗಿಡದ ಬುಡಕ್ಕೆ ಸಿಕ್ಕುತ್ತದೆ. ಕೆಳಗೆ ನಿಂತವರ ತುದಿಯಿಂದ ನೀರು ಚೆಲ್ಲುತ್ತದೆ. ಲೇಸರ್, ಡಂಪಿಗೆ ಸಿಲ್ವರ್ ಮರ, ಮೆಣಸಿನ ಬಳ್ಳಿ, ಕಾಫಿ ಗಿಡ ಎಲ್ಲವೂ ಅಡ್ಡ. ತೋಟಕ್ಕೆ ಒಪ್ಪುವುದು ಎ ಆಕಾರದ ಮರದ ಚೌಕಟ್ಟು. ಎರಡು ಮೀಟರ್ ಉದ್ದದ ಎರಡು ಕೋಲು, ನಡುವೆ ಒಂದು ಅಡ್ಡಪಟ್ಟಿ, ತುದಿಯಿಂದ ದಾರಕ್ಕೆ ಕಟ್ಟಿದ ಒಂದು ಕಲ್ಲು. ಮನೆಯಲ್ಲೇ ಮಾಡಬಹುದು.

ದಾರ ಅಡ್ಡಪಟ್ಟಿಯ ಎಲ್ಲಿಗೆ ಬಂದರೆ ಮಟ್ಟ? ನೆಲದಲ್ಲಿ ಎರಡು ಗೂಟ ಹೊಡೆದು, ಎರಡು ಕಾಲು ಅವುಗಳ ಮೇಲೆ ಇಡಿ. ದಾರ ಬಿದ್ದ ಜಾಗಕ್ಕೆ ಪಟ್ಟಿಯ ಮೇಲೆ ಗುರುತು ಹಾಕಿ. ಈಗ ಚೌಕಟ್ಟನ್ನು ತಿರುಗಿಸಿ, ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ಇಡಿ. ಇನ್ನೊಂದು ಗುರುತು ಹಾಕಿ. ಎರಡು ಗುರುತಿನ ಸರಿಮಧ್ಯ ನಿಮ್ಮ ಮಟ್ಟ. ರಸಮಟ್ಟವನ್ನು ಅಂಗಡಿಯಲ್ಲಿ ತಿರುಗಿಸಿ ನೋಡಿದ್ದೂ ಇದೇ ಲೆಕ್ಕ. ಮರದ ಕೆಲಸ ಎಷ್ಟು ಒರಟಾದರೂ ಪರವಾಗಿಲ್ಲ, ಈ ಮಧ್ಯದ ಗುರುತು ಸರಿ ಇದ್ದರೆ ಸಾಕು.

ಆಮೇಲೆ ಒಂದು ಕಾಲು ಊರಿ, ಇನ್ನೊಂದನ್ನು ದಾರ ಮಧ್ಯಕ್ಕೆ ಬರುವವರೆಗೆ ಸರಿಸಿ ಊರಿ, ಅಲ್ಲಿ ಗೂಟ ಹೊಡೆದು ಮುಂದೆ ಹೆಜ್ಜೆ ಹಾಕಿ. ಗಾಳಿ ಇಲ್ಲದ ಹೊತ್ತು ನೋಡಿ ಮಾಡಿ, ದಾರ ತೂಗಾಡುವುದು ಬೇಗ ನಿಲ್ಲುತ್ತದೆ. ಚರಂಡಿಗೆ ಸ್ವಲ್ಪ ವಾಟ ಬೇಕಾದರೆ ಕೆಳಗಿನ ಕಾಲಿನಡಿ ಒಂದು ಮರದ ತುಂಡು ಕಟ್ಟಿ. ಕಾಲುಗಳ ನಡುವೆ 2 ಮೀಟರ್ ಇದ್ದು ತುಂಡು 2 ಸೆಂಟಿಮೀಟರ್ ದಪ್ಪ ಇದ್ದರೆ ನೂರಕ್ಕೆ ಒಂದು ವಾಟ ತಾನಾಗಿ ಬರುತ್ತದೆ.

ಗದ್ದೆಗೆ ಇದು ಯಾವುದೂ ಬೇಕಿಲ್ಲ. ನೀರು ನಿಲ್ಲಿಸಿ ಹಲಗೆ ಹೊಡೆಯುವಾಗ ಎಲ್ಲಿ ಮಣ್ಣು ತಲೆ ಎತ್ತಿದೆ, ಎಲ್ಲಿ ನೀರು ಆಳ ನಿಂತಿದೆ ಎಂದು ಗದ್ದೆಯೇ ತೋರಿಸುತ್ತದೆ. ನಾವು ಪೈಪಿನೊಳಗೆ ತುಂಬಿಸಿ ನೋಡುವ ನೀರು ಅಲ್ಲಿ ಇಡೀ ಗದ್ದೆಯಗಲ ಹರಡಿರುತ್ತದೆ, ಅಷ್ಟೇ.

ಪೈಪ್ ಕೊಳ್ಳುವವರಿಗೆ

ಮನೆ ಕಟ್ಟಿಸಲು ಹೊರಟವರು ಯಾವುದಾದರೂ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳುವುದಾದರೆ ನೀರಿನ ಪೈಪನ್ನೇ ಇಟ್ಟುಕೊಳ್ಳಿ. ಮೇಸ್ತ್ರಿ ರಸಮಟ್ಟ ತರುತ್ತಾರೆ, ಟೈಲ್ಸಿನವರು ಲೇಸರ್ ತರುತ್ತಾರೆ. ಅವರ ಕೆಲಸ ಸರಿಯಾಗಿದೆಯೇ ಎಂದು ನೀವು ನೋಡಲು ಇದು ಬೇಕು. ಒಳಗಿನ ಅಗಲ 8ರಿಂದ 10 ಮಿಲಿಮೀಟರ್ ಇರಲಿ. ತೀರಾ ಸಣ್ಣದಾದರೆ ಗುಳ್ಳೆ ಹೊರಬರುವುದಿಲ್ಲ, ನೀರು ನಿಲ್ಲಲು ಹೊತ್ತು ಹಿಡಿಯುತ್ತದೆ. ಉದ್ದ ಮನೆಯ ಕರ್ಣಕ್ಕಿಂತ ನಾಲ್ಕೈದು ಮೀಟರ್ ಜಾಸ್ತಿ ಇರಲಿ. ನಡುವೆ ಜೋಡಣೆ ಇರುವ ಪೈಪ್ ಬೇಡ, ಒಂದೇ ತುಂಡು ಕೇಳಿ. ಗೋಡೆ ತೆಳುವಾದ ಪೈಪ್ ಮೂಲೆಯಲ್ಲಿ ಮಡಚಿಕೊಳ್ಳುತ್ತದೆ. ಅಂಗಡಿಯಲ್ಲೇ ಬೆರಳಿಗೆ ಸುತ್ತಿ ನೋಡಿ. ಬೆಳಕಿಗೆ ಹಿಡಿದಾಗ ಆಚೆ ಕಡೆ ಸ್ಪಷ್ಟ ಕಾಣಬೇಕು. ನೀರಿಗೆ ಎರಡು ಹನಿ ಶಾಯಿ ಹಾಕಿದರೆ ಮನೆಯೊಳಗಿನ ಮಬ್ಬಿನಲ್ಲೂ ಗೆರೆ ಎದ್ದು ಕಾಣುತ್ತದೆ.

ಕೆಲಸ ಮುಗಿದ ಮೇಲೆ ನೀರು ಪೂರ್ತಿ ಬಸಿದು, ದೊಡ್ಡ ಸುರುಳಿ ಮಾಡಿ, ಗೋಡೆಯ ಮೊಳೆಗೆ ನೇತುಹಾಕಿ. ನೀರು ಉಳಿದರೆ ಒಳಗೆ ಪಾಚಿ ಕಟ್ಟುತ್ತದೆ. ನೆಲದ ಮೇಲೆ ಬಿಟ್ಟರೆ ಇಲಿ ಕಚ್ಚುತ್ತದೆ. ಸೂಜಿಯಷ್ಟು ತೂತು ಬಿದ್ದರೂ ಆ ಪೈಪ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.